ಕಾಲಕ್ಕ ಎರಡು ಸಲ ಮಾಡಿದ ಕಾಲು

ಹೆತ್ತವರು ಇಟ್ಟ ಹೆಸರು ಆಕೆಗೂ ಒಂದಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಆಕೆ ತನ್ನ ಪಾಡಿಗೆ ತಾನು ನಡೆದುಬಿಡುತ್ತಿದ್ದಳು. ಎಲ್ಲರ ಬಾಯಲ್ಲೂ ಆಕೆ ಕಾಲಕ್ಕ. ದೊಡ್ಡಾಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತಿದ್ದ ಉದ್ದನೆಯ ಶೆಡ್ಡಿನಲ್ಲಿ, ಕಾಲು ಕಳೆದುಕೊಂಡವರಿಗೆ ಆಕೆ ಕಾಲು ಮಾಡಿಕೊಡುತ್ತಿದ್ದಳು.

ಶೆಡ್ಡಿನೊಳಗೆ ಕಾಲಿಟ್ಟವರಿಗೆ ಮೊದಲು ಕಾಣುತ್ತಿದ್ದದ್ದು ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಸಾಲಾಗಿ ಕೂತ ರಬ್ಬರಿನ ಪಾದಗಳು. ಎಡ, ಬಲ, ಮಕ್ಕಳವು, ದೊಡ್ಡವರವು. ನೆಲದ ಮೇಲೆ ಸದಾ ಒಂದು ಪದರ ಬಿಳಿ ಪ್ಲಾಸ್ಟರಿನ ಹುಡಿ. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಹಾಳೆಯನ್ನು ಮೆತ್ತಗಾಗುವಂತೆ ಕಾಯಿಸುವ ಒಲೆ, ಇನ್ನೊಂದು ಮೂಲೆಯಲ್ಲಿ ನಡೆದು ಕಲಿಯಲು ಹಾಕಿದ ಜೋಡಿ ಕಂಬಿ, ಅದರ ತುದಿಗೆ ಆಳೆತ್ತರದ ಕನ್ನಡಿ. ಕಾಲಕ್ಕನ ಅಪ್ಪ ಚಪ್ಪಲಿ ಹೊಲಿಯುತ್ತಿದ್ದವನು. ಓದು ಹತ್ತದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾದ ನೋಡುವುದನ್ನು ಕಲಿಸಿದ್ದ. ಮರದ ಕಾಲಿಗೆ ಬೂಟು ಹೊಲಿಸಲು ಬಂದ ಶೆಡ್ಡಿನ ಹಳೇ ಮೇಸ್ತ್ರಿ ಅವಳ ಕೈಚಳಕ ನೋಡಿ ಕೆಲಸಕ್ಕೆ ಕರೆದುಕೊಂಡ. ಮೇಸ್ತ್ರಿಯ ಕೈ ನಡುಗಲು ಶುರುವಾಗಿ ಅವನು ಮನೆ ಸೇರಿದ ಮೇಲೆ ಕಾಲಿನ ಕೆಲಸವೆಲ್ಲ ಅವಳ ಪಾಲಿಗೆ ಬಂತು.

ಮನೆಯಲ್ಲಿ ಅತ್ತೆ ಇದ್ದಳು. ತೆಳ್ಳಗಿನ, ನೆಟ್ಟಗಿನ, ನಾಲಿಗೆ ಚುರುಕಾದ ಹೆಂಗಸು. ಬಂದವರ ಮುಂದೆಲ್ಲ, ನಮ್ಮ ಸೊಸೆ ಬೆಳಗಿಂದ ಸಂಜೆ ತನಕ ಊರವರ ಕಾಲು ಹಿಡಿಯುತ್ತಾಳೆ, ಮನೆಯಲ್ಲಿ ಮಾತ್ರ ಯಾರ ಕಾಲಿಗೂ ಬೀಳುವವಳಲ್ಲ ಎಂದು ಹೇಳಿ ತಾನೇ ನಗುತ್ತಿದ್ದಳು. ಕಾಲಕ್ಕನೂ ಬಿಡುತ್ತಿರಲಿಲ್ಲ. ನಿಮ್ಮ ಮಗ ನನ್ನ ಕಾಲೆಳೆಯುವುದನ್ನು ಯಾರ ಹತ್ತಿರ ಕಲಿತ ಅಂತ ಈಗ ಗೊತ್ತಾಯಿತು ಅನ್ನುತ್ತಿದ್ದಳು. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದು ತಿಳಿದವರಿಗೆ ಆ ಮನೆಯ ಮಾತುಕತೆ ಅರ್ಥವಾಗುತ್ತಿರಲಿಲ್ಲ.

ಇಬ್ಬರ ನಡುವೆ ಇದ್ದವನು ಗಂಡ. ನಲ್ಲಿ, ಪೈಪು ರಿಪೇರಿ ಮಾಡುವವನು. ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ವಾಷರುಗಳು. ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದ. ಪಿಯಾನೋ ನುಡಿಸುವ ಮೇಡಮ್ಮು ಅವನತ್ತ ತಿರುಗಿ ಹುಬ್ಬು ಗಂಟಿಕ್ಕಿದರೆ, ತನ್ನನ್ನು ಮೆಚ್ಚಿಕೊಂಡರು ಎಂದು ತಿಳಿದು ಇನ್ನಷ್ಟು ಏರಿಸುತ್ತಿದ್ದ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅತ್ತೆ ಒಂದು ದಿನವೂ ಸೊಸೆಗೆ ಚುಚ್ಚಿ ಆಡಿದವಳಲ್ಲ.

ಆ ಗಂಡ ಒಂದು ಮಧ್ಯಾಹ್ನ ಸತ್ತ. ಮೋಡವಿಲ್ಲ, ಮಂಜಿಲ್ಲ, ಒಳ್ಳೆಯ ಬೆಳಕು. ಸೈಕಲ್ಲಿಗೆ ಪೈಪಿನ ತುಂಡುಗಳನ್ನು ಕಟ್ಟಿಕೊಂಡು ಶಾಲೆಯ ಗೋಡೆಯ ಪಕ್ಕದ ತಿರುವಿನಲ್ಲಿ ಬರುತ್ತಿದ್ದ. ಎದುರಿನಿಂದ ಬ್ರೆಡ್ಡು ಹಂಚುವ ವ್ಯಾನು ಬಂತು. ಓಡಿಸುತ್ತಿದ್ದವನು ಊಟದ ಹೊತ್ತಿಗೇ ಕುಡಿದಿದ್ದ. ವ್ಯಾನು ಸೈಕಲ್ಲನ್ನು ಹೊಡೆದು, ಗೋಡೆಗೆ ಗುದ್ದಿ, ಮೂತಿ ಒಳಗೆ ಹೋಗಿ ನಿಂತಿತು. ಗಂಡ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ವ್ಯಾನಿನವನ ಎಡಗಾಲು ಕಬ್ಬಿಣದ ನಡುವೆ ನುಜ್ಜುಗುಜ್ಜಾಗಿ, ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಸುದ್ದಿ ಕೇಳಿ ಕಾಲಕ್ಕ ಓಡಿ ಹೋದಾಗ ರಸ್ತೆಯ ತುಂಬ ಬ್ರೆಡ್ಡು ಚೆಲ್ಲಿತ್ತು. ಹೊಸದಾಗಿ ಬೆಂದ ಬ್ರೆಡ್ಡಿನ ಆ ಹಿತವಾದ ವಾಸನೆ ಅವಳ ಮೂಗಿಗೆ ಅಂಟಿಕೊಂಡು ಬಿಡಲಿಲ್ಲ. ಆಮೇಲೆ ಬೇಕರಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು.

ಕೋರ್ಟು ವ್ಯಾನಿನವನನ್ನು ಜೈಲಿಗೆ ಕಳಿಸಿತು. ತೀರ್ಪಾದ ಮರು ಭಾನುವಾರ ಚರ್ಚಿನಲ್ಲಿ ಕಾಲಕ್ಕ ಎದ್ದು ನಿಂತಳು. ತಾನು ಆ ಮನುಷ್ಯನನ್ನು ಕ್ಷಮಿಸಿದ್ದೇನೆ, ಯೇಸು ಕಲಿಸಿದ್ದು ಅದನ್ನೇ ಎಂದು ಎಲ್ಲರೆದುರಿಗೆ ಹೇಳಿದಳು. ಜನ ಕಣ್ಣೊರೆಸಿಕೊಂಡರು. ಹೊರಗೆ ಬಂದಾಗ ಎಷ್ಟೋ ಹೆಂಗಸರು ಅವಳ ಕೈ ಹಿಡಿದು, ನಿನ್ನಂಥ ಮನಸ್ಸು ನಮಗೆಲ್ಲಿ ಬರಬೇಕು ಎಂದರು. ಅತ್ತೆ ಮಾತ್ರ ಕೂತಲ್ಲಿಂದ ಏಳಲಿಲ್ಲ. ಪಾದ್ರಿಯವರು ಹತ್ತಿರ ಬಂದು ಕೈ ಮುಟ್ಟಿದಾಗ ಆಕೆ ಹೇಳಿದ್ದು ಪಕ್ಕದ ಬೆಂಚುಗಳವರಿಗೆಲ್ಲ ಕೇಳಿಸಿತು.

"ನಾನು ಕ್ಷಮಿಸಿಲ್ಲ. ದೇವರಿಗೂ ಹಾಗೇ ಹೇಳಿದ್ದೀನಿ. ಬೇಜಾರಾದ್ರೆ ಆಗ್ಲಿ, ಆತನ ಹತ್ರ ಸುಳ್ಳು ಹೇಳೋಕೆ ನನಗೆ ಬರಲ್ಲ."

ಅಂದಿನಿಂದ, ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭು ಭೋಜನದ ದಿನ ರೊಟ್ಟಿಯ ತಟ್ಟೆ ತನ್ನ ಮುಂದೆ ಬಂದರೆ ಅತ್ತೆ ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದಳು. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ತಿನ್ನಬಾರದು ಎಂಬುದು ಆಕೆಯ ಲೆಕ್ಕ. ಕಾಲಕ್ಕ ಬ್ರೆಡ್ಡಿನ ವಾಸನೆ ಮೂಗಿಗೆ ಬಾರದಂತೆ ಉಸಿರು ಬಿಗಿಹಿಡಿದು ಒಂದು ಚೂರು ತೆಗೆದುಕೊಳ್ಳುತ್ತಿದ್ದಳು. ಅತ್ತೆಯ ಬಗ್ಗೆ ಅವಳಿಗೆ ಮರುಕವಿತ್ತು. ಪಾಪ, ವಯಸ್ಸಾಯಿತು, ಮಗನನ್ನು ಕಳೆದುಕೊಂಡ ಜೀವ, ಕಹಿ ಬಿಡಲಾಗುತ್ತಿಲ್ಲ ಅಂದುಕೊಳ್ಳುತ್ತಿದ್ದಳು. ತನ್ನ ಕ್ಷಮೆಯ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಕ್ಷಮಿಸಬೇಕಾದವನು ಕಣ್ಣಿಗೆ ಬೀಳದಿರುವಾಗ ಅನುಮಾನ ಬರುವುದಾದರೂ ಎಲ್ಲಿಂದ?

ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಕಾಲಕ್ಕ ತಲೆಯೆತ್ತಿ ನೋಡಿದಳು. ಕೋರ್ಟಿನಲ್ಲಿ ದಪ್ಪಗೆ, ಕೆಂಪಗೆ ಊದಿಕೊಂಡಿದ್ದ ಮುಖ ಈಗ ಬತ್ತಿ ಹೋಗಿತ್ತು, ಆದರೂ ಗುರುತು ಸಿಕ್ಕಿತು. ಪ್ಯಾಂಟಿನ ಎಡಗಾಲನ್ನು ಮಡಿಸಿ ಪಿನ್ನು ಹಾಕಿದ್ದ. ಅವನಿಗೂ ಅವಳ ಗುರುತು ಸಿಕ್ಕಿತು. ಅವಳು ಇಲ್ಲಿ ಕೆಲಸ ಮಾಡುವುದು ಅವನಿಗೆ ತಿಳಿದಿರಲಿಲ್ಲ. ಒಂದು ಕ್ಷಣ ನಿಂತು, ಊರುಗೋಲನ್ನು ತಿರುಗಿಸಿ ಹೊರಟ.

"ಬೇರೆ ಎಲ್ಲಾದ್ರೂ ನೋಡ್ಕೋತೀನಿ," ಅಂದ.

ಬೇರೆ ಎಲ್ಲೂ ಇರಲಿಲ್ಲ. ಕಾಲು ಮಾಡುವ ಹತ್ತಿರದ ಇನ್ನೊಂದು ಜಾಗಕ್ಕೆ ಹೋಗಬೇಕಾದರೆ ದಿನವಿಡೀ ರೈಲಿನಲ್ಲಿ ಕೂರಬೇಕು. ಶೆಡ್ಡಿನ ಮೇಲ್ವಿಚಾರಕ ಒಳ್ಳೆಯವನು. ವಿಷಯ ತಿಳಿದು, ನಿನಗೆ ಆಗದಿದ್ದರೆ ಹೇಳು, ಅವನನ್ನು ಅಲ್ಲಿಗೇ ಕಳಿಸೋಣ, ಯಾರೂ ನಿನ್ನನ್ನು ತಪ್ಪು ತಿಳಿಯುವುದಿಲ್ಲ ಎಂದು ಕಾಲಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ. ಬೇಡ, ನಾನೇ ಮಾಡುತ್ತೇನೆ ಎಂದಳು. ಅಷ್ಟು ಜನರೆದುರು ಎದ್ದು ನಿಂತು ಕ್ಷಮಿಸಿದ್ದೇನೆ ಅಂದವಳು ಈಗ ಹೇಗೆ ಹಿಂದೆ ಸರಿಯುವುದು? ಎತ್ತರದ ಕುರ್ಚಿ ತೋರಿಸಿ ವ್ಯಾನಿನವನಿಗೆ ಕೂತ್ಕೊಳ್ಳಿ ಅಂದಳು. ದನಿ ಒಂದಿಷ್ಟೂ ನಡುಗಲಿಲ್ಲ. ಅದಕ್ಕೆ ತನ್ನನ್ನೇ ಮೆಚ್ಚಿಕೊಂಡಳು.

ಮೋಟುಗಾಲಿಗೆ ಕಾಲು ಮಾಡುವುದೆಂದರೆ ಮೊದಲು ಅದನ್ನು ಕೈಯಲ್ಲಿ ಹಿಡಿದು ಅರಿಯಬೇಕು. ಎಲುಬು ಎಲ್ಲಿ ಚರ್ಮಕ್ಕೆ ಹತ್ತಿರವಿದೆ, ಮಾಂಸ ಎಲ್ಲಿ ದಪ್ಪವಿದೆ ಎಂದು ಒತ್ತಿ ನೋಡಿ ನೇರಳೆ ಪೆನ್ಸಿಲ್ಲಿನಿಂದ ಗುರುತು ಹಾಕಬೇಕು. ಮೇಲೆ ಒದ್ದೆ ಪ್ಲಾಸ್ಟರಿನ ಪಟ್ಟಿ ಸುತ್ತಿ, ಎರಡೂ ಹೆಬ್ಬೆರಳನ್ನು ಮಂಡಿಯ ಹತ್ತಿರ ಒತ್ತಿಕೊಂಡು ಅದು ಗಟ್ಟಿಯಾಗುವ ತನಕ ಅಲುಗಾಡದೆ ಕೂರಬೇಕು. ಆ ಹೊತ್ತಿನಲ್ಲಿ ಕಾಲಕ್ಕ ಎಲ್ಲರೊಂದಿಗೂ ಹರಟೆ ಹೊಡೆಯುತ್ತಿದ್ದಳು. ಯಾವ ಊರು, ಏನು ಕೆಲಸ, ಈ ಕಾಲು ಬಂದ ಮೇಲೆ ಮೊದಲು ಎಲ್ಲಿಗೆ ಹೋಗುತ್ತೀರಿ ಎಂದೆಲ್ಲ ಕೇಳಿ ನಗಿಸುತ್ತಿದ್ದಳು. ಅಂದು ಬಾಯಿ ಬಿಡಲಿಲ್ಲ. ಅವನ ಚರ್ಮ ಬೆಚ್ಚಗಿತ್ತು. ಅದನ್ನು ಅವಳಿಗೆ ತಡೆಯಲಾಗಲಿಲ್ಲ. ತನ್ನ ಗಂಡನ ಕೈ ಕಡೆಯ ಸಲ ಮುಟ್ಟಿದಾಗ ತಣ್ಣಗಿತ್ತು, ಇವನದು ಇನ್ನೂ ಬೆಚ್ಚಗಿದೆ.

ಆ ಪಟ್ಟಿಯೊಳಗೆ ಪ್ಲಾಸ್ಟರ್ ಹೊಯ್ದರೆ ಮೋಟುಗಾಲಿನದೇ ಅಚ್ಚು ಸಿಗುತ್ತದೆ. ನಿಜವಾದ ಕೆಲಸ ಇರುವುದು ಅಲ್ಲಿಂದ ಮುಂದೆ. ಮಾಂಸವಿರುವ ಕಡೆ ಅಚ್ಚನ್ನು ಕೆರೆದು ತಗ್ಗಿಸಬೇಕು, ಎಲುಬಿರುವ ಕಡೆ ಇನ್ನಷ್ಟು ಪ್ಲಾಸ್ಟರ್ ಮೆತ್ತಿ ಉಬ್ಬಿಸಬೇಕು. ಆಗ ಅಚ್ಚಿನ ಮೇಲೆ ಕೂರಿಸಿ ಮಾಡುವ, ಮೋಟುಗಾಲು ಇಳಿಯುವ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಎಲುಬಿಗೆ ಉಸಿರಾಡಲು ಜಾಗ ಉಳಿಯುತ್ತದೆ. ಉಬ್ಬಿಸದೆ ಬಿಟ್ಟರೆ ಮೈಭಾರವೆಲ್ಲ ಎಲುಬಿನ ಮೂತಿಯ ಮೇಲೆ ಬಿದ್ದು ಹೆಜ್ಜೆ ಹೆಜ್ಜೆಗೂ ಚರ್ಮ ಅರೆಯುತ್ತದೆ. ಕಾಲಕ್ಕ ಕೆರೆಯುವುದನ್ನೆಲ್ಲ ಎಂದಿನಂತೆ ಮುಗಿಸಿದಳು. ಮೆತ್ತಲು ಪ್ಲಾಸ್ಟರ್ ಕಲಸಿ ಬೋಗುಣಿ ಪಕ್ಕದಲ್ಲಿಟ್ಟುಕೊಂಡಳು. ಅಚ್ಚಿನ ಮೇಲಿನ ನೇರಳೆ ಗುರುತನ್ನು ನೋಡುತ್ತ ಕೂತಳು. ಬೋಗುಣಿಯಲ್ಲಿ ಪ್ಲಾಸ್ಟರ್ ಗಟ್ಟಿಯಾಯಿತು. ಅವಳು ಅದನ್ನು ಕಸದ ಡಬ್ಬಕ್ಕೆ ಬಡಿದು ಹಾಕಿ, ಕೈ ತೊಳೆದುಕೊಂಡು, ಅಚ್ಚನ್ನು ಹಾಗೇ ಒಲೆಯ ಹತ್ತಿರ ಒಯ್ದಳು.

ಬೇಕೆಂದು ಏನೂ ಮಾಡಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ತೊಡಿಸಿ ನೋಡುವ ದಿನ ನೋವು ಅಂದರೆ ಸರಿ ಮಾಡಿದರಾಯಿತು ಅಂದುಕೊಂಡಳು. ಆ ದಿನ ಬಂತು. ವ್ಯಾನಿನವನು ಜೋಡಿ ಕಂಬಿಯ ನಡುವೆ ನಿಂತು ಹೊಸ ಕಾಲಿನ ಮೇಲೆ ಭಾರ ಹಾಕಿದ. ಮುಖ ಬಿಳಿಚಿತು, ಕಂಬಿ ಹಿಡಿದ ಬೆರಳುಗಳು ಬಿಗಿದವು. ನೋವಾಗುತ್ತದಾ ಎಂದು ಕೇಳಿದಳು. ಇಲ್ಲ, ಚೆನ್ನಾಗಿದೆ ಅಂದ. ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಅವನ ನಡಿಗೆಯೇ ಹೇಳುತ್ತಿತ್ತು. ಸರಿ ಹಾಗಾದರೆ ಎಂದು ಕಳಿಸಿಬಿಟ್ಟಳು.

ಅಂದು ಮನೆಗೆ ಹೋಗುವಾಗ ಹೊಟ್ಟೆ ತಣ್ಣಗಾದಂತೆ ಅನಿಸಿತು. ಅವನು ಈಗ ಮೆಟ್ಟಿಲು ಹತ್ತುತ್ತಿರಬಹುದು, ಈಗ ಬಸ್ಸಿಗೆ ಕಾಯುತ್ತ ನಿಂತಿರಬಹುದು ಎಂದು ಒಂದೊಂದೇ ಹೆಜ್ಜೆ ನೆನೆಸಿಕೊಂಡು ನಡೆದಳು. ಆ ತಣ್ಣಗಿನ ಸುಖ ಮನೆಯ ಬಾಗಿಲಿನವರೆಗೂ ಬಾಳಲಿಲ್ಲ. ಮರುದಿನ ಒಂದು ಪುಟ್ಟ ಹುಡುಗಿಗೆ ಕಾಲು ತೊಡಿಸುವಾಗ, ನೋವಾಗುತ್ತದಾ ಪುಟ್ಟಿ ಎಂದು ಕೇಳುವ ತನ್ನ ದನಿ ಬೇರೆ ಯಾರದೋ ಅನಿಸಿತು. ಬಂದ ಭಾನುವಾರ ಪ್ರಭು ಭೋಜನವಿತ್ತು. ರೊಟ್ಟಿಯ ತಟ್ಟೆ ಬಂದಾಗ ಅತ್ತೆ ಎಂದಿನಂತೆ ದಾಟಿಸಿದಳು. ಕಾಲಕ್ಕನೂ ಮುಟ್ಟದೆ ದಾಟಿಸಿದಳು. ಅತ್ತೆ ಮೊಣಕೈಯಿಂದ ತಿವಿದು, ನಿನಗೇನಾಯಿತು, ನಾನು ಬಿಟ್ಟಿದ್ದಕ್ಕೆ ಕಾರಣ ಇದೆ ಎಂದು ಪಿಸುಗುಟ್ಟಿದಳು. ಸೊಸೆ ಹೊಟ್ಟೆ ಸರಿಯಿಲ್ಲ ಅಂದಳು.

ಹೊಸ ಕಾಲು ಹಾಕಿಕೊಂಡವರು ಕೆಲವು ವಾರಗಳ ಮೇಲೆ ತೋರಿಸಲು ಬರಬೇಕೆಂಬುದು ಶೆಡ್ಡಿನ ಪದ್ಧತಿ. ಅವನು ಬರಲಿಕ್ಕಿಲ್ಲ ಎಂದು ಕಾಲಕ್ಕ ಅಂದುಕೊಂಡಿದ್ದಳು, ಬಾರದಿರಲಿ ಎಂದೂ ಬಯಸಿದ್ದಳು. ಅವನು ಬಂದ. ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು, ಬೆವರುತ್ತ ಬಂದು ಕುರ್ಚಿಯಲ್ಲಿ ಕೂತ. ಒಂದು ಶಾಲೆಯಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿದೆ, ದಿನವಿಡೀ ನಿಂತೇ ಇರಬೇಕು ಎಂದು ನೆಲ ನೋಡುತ್ತ ಹೇಳಿದ. ಕಾಲಕ್ಕ ಬಟ್ಟಲನ್ನು ಎಳೆದು ತೆಗೆದಳು. ಒಳಗಿನ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಬೆಚ್ಚಗಿನ ನೀರು ಹಾಕಿ ನೆನೆಸಿ, ಸ್ವಲ್ಪ ಸ್ವಲ್ಪವೇ ಬಿಡಿಸಿದಳು. ತಾನು ನೇರಳೆ ಗುರುತು ಹಾಕಿ, ಮೆತ್ತದೆ ಬಿಟ್ಟ ಆ ಜಾಗದಲ್ಲೇ ಒಂದು ಗಾಯ, ಅಂಚು ಕಪ್ಪಾಗಿ, ನಡುವೆ ಹಸಿಹಸಿಯಾಗಿ ಬಾಯಿ ಬಿಟ್ಟಿತ್ತು. ಇನ್ನೊಂದಿಷ್ಟು ದಿನ ಕಳೆದಿದ್ದರೆ ನಂಜೇರಿ ಮಂಡಿಯನ್ನೂ ಕತ್ತರಿಸಬೇಕಾಗುತ್ತಿತ್ತು.

ಅವಳು ಎಷ್ಟೋ ಗಾಯ ನೋಡಿದವಳು. ಇದು ತನ್ನ ಕೈಯದು.

"ಇಷ್ಟಾದ್ರೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

ಅವನು ಪ್ಯಾಂಟಿನ ಅಂಚನ್ನು ಮಂಡಿಯ ಮೇಲಕ್ಕೆ ಸರಿಸಿಕೊಂಡ.

"ಇದು ನಿಮ್ಮ ಕೈಯಿಂದ ಬಂದ ಕಾಲು," ಅಂದ. "ನೋಯದೆ ಇರುತ್ತೆ ಅಂತ ನಾನು ಯಾವ ಮುಖ ಇಟ್ಕೊಂಡು ಅಂದ್ಕೊಳ್ಳಲಿ? ನೋವಾಗ್ಲಿ ಅಂತಾನೇ ಹೀಗೆ ಮಾಡಿದ್ದೀರಿ ಅಂದ್ಕೊಂಡೆ. ಸರಿಯಾಗೇ ಇದೆ ಅನಿಸ್ತು. ಹಾಕ್ಕೊಂಡೆ."

ಅವನ ಮಾತಿನಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಒಂದು ಮಾತಿಗೆ ಒಂದು ಮಾತು ಕೊಟ್ಟು, ನನ್ನ ಗಂಡನನ್ನು ಕೊಂದವನು ನೀನು ಎಂದು ಕೂಗಿ ಮನಸ್ಸಿನ ಭಾರ ಇಳಿಸಬಹುದಿತ್ತು. ಅವನು ಅವಳ ಹಗೆಯನ್ನು ಒಂದು ಶಿಕ್ಷೆಯಂತೆ ಒಪ್ಪಿಕೊಂಡು, ದಿನಾ ಬೆಳಿಗ್ಗೆ ಎದ್ದು ತಾನೇ ತೊಟ್ಟುಕೊಂಡು, ಗೇಟಿನ ಹತ್ತಿರ ನಿಂತಿದ್ದ. ಅವಳು ಚರ್ಚಿನಲ್ಲಿ ಹೇಳಿದ್ದ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಅವನಿಗೆ ಮುಟ್ಟಿದ್ದು ಆ ಕಾಲು ಮಾತ್ರ.

"ನೀವು ಅಂದ್ಕೊಂಡಿದ್ದು ನಿಜ," ಎಂದಳು ಕಾಲಕ್ಕ. "ಬೇಕಂತಲೇ ಬಿಟ್ಟೆ. ಹಾಗೆ ಮಾಡಬಾರದಿತ್ತು. ನನ್ನದು ತಪ್ಪು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ನರ್ಸನ್ನು ಕರೆಸಿ ಗಾಯ ತೊಳೆಸಿ ಔಷಧಿ ಕಟ್ಟಿಸಿದಳು. ಮೇಲ್ವಿಚಾರಕನ ಹತ್ತಿರ ಹೋಗಿ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಅವನು, ಇಂಥದ್ದು ಇನ್ನೊಮ್ಮೆ ಆದರೆ ನಿನ್ನನ್ನು ಇಲ್ಲಿ ಇಟ್ಟುಕೊಳ್ಳಲಾರೆ ಎಂದ. ಆಮೇಲೆ, ಗಾಯ ಮಾಯಲಿ, ನೀನೇ ಇನ್ನೊಂದು ಮಾಡು, ನಾನು ಪಕ್ಕದಲ್ಲಿ ಕೂರುತ್ತೇನೆ ಅಂದ. ಶಾಲೆಯ ಹೆಡ್‌ಮಾಸ್ಟರರಿಗೆ ಅವನೇ ಫೋನು ಮಾಡಿ, ಅಷ್ಟು ದಿನ ವ್ಯಾನಿನವನಿಗೆ ಗೇಟಿನ ಬಳಿ ಕುರ್ಚಿ ಹಾಕಿಕೊಡುವಂತೆ ಕೇಳಿಕೊಂಡ.

ಅಂದು ಸಂಜೆ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಅಂಗಿಯೊಂದಕ್ಕೆ ಗುಂಡಿ ಹಾಕುತ್ತ ಕೂತಿದ್ದಳು. ಕಾಲಕ್ಕ ಎದುರಿಗೆ ಕೂತು ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಅವನು ಶೆಡ್ಡಿಗೆ ಬಂದಿದ್ದನ್ನೇ ಅಷ್ಟು ದಿನ ಹೇಳಿರಲಿಲ್ಲ. ಕೇಳುತ್ತ ಕೇಳುತ್ತ ಅತ್ತೆಯ ಸೂಜಿ ನಿಂತಿತು. ಗಾಯದ ಮಾತು ಬಂದಾಗ ಆಕೆಯ ಮುಖದಲ್ಲಿ ಒಂದು ಬೆಳಕು ಹಾದುಹೋದದ್ದು ಕಾಲಕ್ಕನಿಗೆ ಕಂಡಿತು. ಒಳ್ಳೆಯದಾಯಿತು ಎಂದೂ ಆಕೆ ಅಂದಳು. ಅಂದವಳು ಮತ್ತೆ ಸೂಜಿ ಎತ್ತಿಕೊಳ್ಳಲಿಲ್ಲ. ಸೊಸೆಯ ಕೈಗಳನ್ನೇ ನೋಡುತ್ತ ಕೂತಳು.

"ನಾನು ಅವನನ್ನ ದಿನಾ ಬೈತೀನಿ," ಎಂದಳು ಕಡೆಗೆ. "ಬಾಯಲ್ಲಿ. ನನ್ನ ಬಾಯಿ ಯಾವತ್ತೂ ಕೆಟ್ಟದ್ದೇ, ಅದು ಎಲ್ಲರಿಗೂ ಗೊತ್ತು. ನಿನ್ನ ಕೈ ಹಾಗಿರಲಿಲ್ಲ. ಆ ಕೈ ನೋಡಿಯೇ ನನ್ನ ಮಗ ನಿನ್ನ ಮದುವೆಯಾಗ್ತೀನಿ ಅಂತ ಹಟ ಹಿಡಿದಿದ್ದು. ಅದನ್ನ ಯಾಕೆ ಕೆಡಿಸ್ಕೊಂಡೆ?"

ಕಾಲಕ್ಕ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಗಂಡ ಸತ್ತಾಗ ಎಲ್ಲರೆದುರು ಗಟ್ಟಿಯಾಗಿದ್ದವಳು ಅಷ್ಟೂ ವರ್ಷದ ಅಳುವನ್ನು ಅಂದು ಅತ್ತಳು. ಅತ್ತೆ ಪಕ್ಕಕ್ಕೆ ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಳು.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಆ ದಿನಗಳಲ್ಲಿ ಕಾಲಕ್ಕ ಪ್ರಾರ್ಥನೆಗೆ ಕೂತರೆ ಮೊದಲಿನ ಹಾಗೆ ದೊಡ್ಡ ಮಾತುಗಳು ಬರುತ್ತಿರಲಿಲ್ಲ. ಕರ್ತನೇ, ಆ ಮನುಷ್ಯನ ಮೇಲೆ ಪ್ರೀತಿ ಕೊಡು ಎಂದು ಬೇಡಿ ಕಾದಳು. ಏನೂ ಬರಲಿಲ್ಲ. ಎದೆಯೊಳಗೆ ಅದೇ ಕಲ್ಲು. ಒಂದು ಬೆಳಿಗ್ಗೆ ಬೇಸತ್ತು, ಪ್ರೀತಿ ಬಂದಾಗ ಬರಲಿ, ಕೈ ಇದೆ, ಸದ್ಯಕ್ಕೆ ಇದನ್ನಾದರೂ ತಗೋ ಎಂದು ಹೇಳಿ ಎದ್ದು ಕೆಲಸಕ್ಕೆ ಹೋದಳು. ಯೇಸು ಶತ್ರುವನ್ನು ಪ್ರೀತಿಸಲು ಹೇಳಿದಾಗ ಜನರ ಎದೆಯೊಳಗೆ ಏನಿದೆ ಎಂದು ಕೇಳಲಿಲ್ಲ, ಅವರಿಗೆ ಒಳ್ಳೆಯದು ಮಾಡಿ ಅಂದನಷ್ಟೆ ಎಂಬುದು ಅವಳಿಗೆ ದಾರಿಯಲ್ಲಿ ಹೊಳೆಯಿತು. ಮಾಡುವುದು ಅವಳಿಗೆ ಬರುತ್ತಿತ್ತು.

ಎರಡನೇ ಸಲ ಅಚ್ಚು ತೆಗೆಯುವಾಗ ಮೇಲ್ವಿಚಾರಕ ಹೇಳಿದಂತೆ ಪಕ್ಕದಲ್ಲಿ ಕೂತ. ಪ್ಲಾಸ್ಟರ್ ಗಟ್ಟಿಯಾಗಲು ಕಾಯುವ ಹೊತ್ತಿನಲ್ಲಿ ಕಾಲಕ್ಕ ಬಾಯಿ ತೆರೆದಳು. ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದಳು. ಈ ಕಾಲು ಬಂದ ಮೇಲೆ ಮೊದಲು ಎಲ್ಲಿಗೆ ಹೋಗುತ್ತೀರಿ? ಅವನಿಗೆ ತಾಯಿ ತಂದೆ ಇರಲಿಲ್ಲ, ಹೆಂಡತಿ ಅವನು ಜೈಲಿಗೆ ಹೋದಾಗಲೇ ಬಿಟ್ಟು ಹೋಗಿದ್ದಳು. ತಂಗಿಯೊಬ್ಬಳು ಇದ್ದಾಳೆ, ಅವಳ ಮನೆ ಮೂರನೇ ಮಹಡಿಯಲ್ಲಿ, ಅವಳು ಸೇರಿಸುತ್ತಾಳೋ ಇಲ್ಲವೋ ಎಂದ. ಮೆಟ್ಟಿಲು ಹತ್ತುವ ಕಾಲು ಮಾಡಿಕೊಡುವುದು ನನ್ನ ಕೆಲಸ, ಬಾಗಿಲು ತೆಗೆಯುವುದು ಅವರ ಕೆಲಸ ಅಂದಳು ಕಾಲಕ್ಕ. ಅವನು ಮೊದಲ ಸಲ ಸಣ್ಣಗೆ ನಕ್ಕ.

ಅಚ್ಚಿನ ಮೇಲೆ ಪ್ಲಾಸ್ಟರ್ ಮೆತ್ತುವ ದಿನ ಕೈ ಮತ್ತೆ ನಿಂತಿತು. ಸೈಕಲ್ಲು ನೆನಪಾಯಿತು. ರಸ್ತೆಯ ಬ್ರೆಡ್ಡು ನೆನಪಾಯಿತು. ಅವಳು ಹಲ್ಲು ಕಚ್ಚಿ ಒಂದು ಪದರ ಮೆತ್ತಿದಳು, ಬೆರಳಿನಿಂದ ನಯ ಮಾಡಿದಳು, ಕಣ್ಣು ಮುಚ್ಚಿ ಮುಟ್ಟಿ ನೋಡಿ ಇನ್ನೊಂದು ಪದರ ಮೆತ್ತಿದಳು. ಎಲ್ಲರಿಗಿಂತ ಹೆಚ್ಚು ಹೊತ್ತು ಆ ಅಚ್ಚಿನ ಜೊತೆ ಕಳೆದಳು. ತೊಡಿಸುವ ದಿನ ಅವನು ಕಂಬಿಯ ನಡುವೆ ನಿಂತು, ನೋವಿಲ್ಲ, ಚೆನ್ನಾಗಿದೆ ಎಂದು ಅಭ್ಯಾಸಬಲದಿಂದ ಅಂದ. ಅವಳಿಗೆ ಸಿಟ್ಟು ಬಂತು. ನಿಜ ಹೇಳದಿದ್ದರೆ ನಿಮ್ಮನ್ನು ಸಂಜೆಯವರೆಗೂ ಇಲ್ಲೇ ನಡೆಸುತ್ತೇನೆ ಎಂದು ಗದರಿದಳು. ಆಗ ಅವನು ಮೆಲ್ಲಗೆ ಬೆರಳಿಟ್ಟು ತೋರಿಸಿದ. ಹೊರಬದಿಯಲ್ಲಿ, ಮಂಡಿಯ ಸ್ವಲ್ಪ ಕೆಳಗೆ, ಒಂಚೂರು ಒತ್ತುತ್ತದೆ. ಅವಳು ಬಟ್ಟಲನ್ನು ಬಿಸಿ ಮಾಡಿ ಆ ಜಾಗವನ್ನು ಹಿಗ್ಗಿಸಿದಳು. ಮತ್ತೆ ತೊಡಿಸಿದಳು, ಮತ್ತೆ ತೆಗೆದಳು. ಕಡೆಗೆ ಅವನು ಕಂಬಿ ಬಿಟ್ಟು ಕನ್ನಡಿಯವರೆಗೆ ನಡೆದ, ತನ್ನ ಕಾಲನ್ನಲ್ಲ, ತನ್ನ ಮುಖವನ್ನು ನೋಡಿಕೊಂಡು ಹಿಂದಿರುಗಿದ.

ಹಾಗೆಂದು ಕಲ್ಲು ಕರಗಿ ನೀರಾಯಿತು ಎಂದೇನಲ್ಲ. ಕೆಲವು ದಿನ ಏನೂ ಅನಿಸುತ್ತಿರಲಿಲ್ಲ. ಕೆಲವು ದಿನ, ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವ ಸದ್ದಿಗೋ ಯಾರದೋ ಸೈಕಲ್ ಗಂಟೆಗೋ ಹಗೆ ಹೊಸದಾಗಿ ಎದ್ದು ನಿಲ್ಲುತ್ತಿತ್ತು. ಅಂಥ ದಿನ ಅವಳು ಅವನನ್ನು ಕೆಲಸದ ನೆಪದಲ್ಲಿ ನೆನೆಸಿಕೊಳ್ಳುತ್ತಿದ್ದಳು. ಅವನ ಕಾಲು ಬಿಗಿಯುವ ಪಟ್ಟಿ ಸವೆದಿರಬೇಕು, ಈ ಸಲ ಬಂದಾಗ ಬದಲಾಯಿಸಬೇಕು ಎಂದು. ಹಾಗೆ ನೆನೆಸಿಕೊಂಡರೆ ಸಾಕಿತ್ತು, ಆ ದಿನ ದಾಟುತ್ತಿತ್ತು. ಪ್ರಭು ಭೋಜನದ ತಟ್ಟೆಯಿಂದ ಮತ್ತೆ ತೆಗೆದುಕೊಳ್ಳಲು ಶುರು ಮಾಡಿದಳು. ಅತ್ತೆ ಮಾತ್ರ ದಾಟಿಸುತ್ತಲೇ ಇದ್ದಳು.

ಒಂದು ಭಾನುವಾರ ವ್ಯಾನಿನವನು ಚರ್ಚಿಗೆ ಬಂದು ಎಲ್ಲಕ್ಕಿಂತ ಹಿಂದಿನ ಬೆಂಚಿನಲ್ಲಿ ಕೂತ. ಅವನನ್ನು ಯಾರೂ ಕರೆದಿರಲಿಲ್ಲ. ಗುಸುಗುಸು ಹಬ್ಬಿ ಅತ್ತೆಯವರೆಗೂ ಬಂತು. ಆಕೆ ಕತ್ತು ತಿರುಗಿಸಿ ಅವನನ್ನು ಕಣ್ತುಂಬ ನೋಡಿದಳು. ಹಾಡು ಮುಗಿದ ಮೇಲೆ ಸೊಸೆಯ ಕಡೆ ಬಾಗಿದಳು.

"ಅವನಿಗೆ ಹೇಳು, ಆ ಬೆಂಚು ಅಲ್ಲಾಡುತ್ತೆ. ಬಿದ್ದು ಇರೋ ಕಾಲೂ ಮುರ್ಕೊಂಡಾನು. ಈಚೆ ಬಂದು ಕೂರಲಿ. ನನ್ನ ಬೆಂಚಿಗೆ ಬೇಡ, ಅದರ ಹಿಂದಿನದಕ್ಕೆ."

ಅವನು ಅದರ ಹಿಂದಿನ ಬೆಂಚಿಗೆ ಬಂದು ಕೂತ. ಮುಂದೆ ಅದೇ ಅವನ ಜಾಗವಾಯಿತು. ಅತ್ತೆ ಅವನ ಜೊತೆ ಮಾತಾಡಲಿಲ್ಲ. ಕುಡಿಯುವುದನ್ನು ಬಿಟ್ಟಿದ್ದಾನಂತೆ ಎಂದು ಯಾರೋ ಹೇಳಿದಾಗ, ಬಿಡದೆ ಏನು, ಬಿಡಲೇಬೇಕು ಎಂದು ಮುಖ ತಿರುಗಿಸಿದಳು.

ವರ್ಷಗಳು ಹೋದವು. ಅತ್ತೆ ಉಸಿರಾಟದ ಕಾಯಿಲೆಯಿಂದ ಹಾಸಿಗೆ ಹಿಡಿದಳು. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬುಗಳಿಗೆ ಒರಗಿ ಕೂತು ಬೀದಿ ನೋಡುತ್ತಿದ್ದಳು. ನೋಡಲು ಬಂದವರಿಗೆಲ್ಲ ಹಳೆಯ ಜೋರು ಬಾಯಲ್ಲೇ ಏನಾದರೊಂದು ಅಂದು ಕಳಿಸುತ್ತಿದ್ದಳು. ಒಂದು ದಿನ ಸೊಸೆ ತಲೆ ಬಾಚುತ್ತಿದ್ದಾಗ, ಆ ವ್ಯಾನಿನವನನ್ನು ಕರೆಸು ಅಂದಳು. ಕಾಲಕ್ಕ ಬೆಚ್ಚಿದಳು. ಯಾಕೆ ಎಂದು ಕೇಳಿದರೆ, ನಿನಗೆ ಬೇಡದ ವಿಷಯ, ಕರೆಸು ಎಂದಳು.

ಅವನು ಶಾಲೆ ಬಿಟ್ಟ ಮೇಲೆ ಸಂಜೆಯ ಬಿಸಿಲಿನಲ್ಲಿ ಬಂದ. ಮೆಟ್ಟಿಲು ಸಲೀಸಾಗಿ ಹತ್ತಿದ. ಒಳಗೆ ಬಂದು ಬಾಗಿಲ ಹತ್ತಿರವೇ ನಿಂತ. ಅತ್ತೆ ಮಂಚದ ಪಕ್ಕದ ಸ್ಟೂಲು ತೋರಿಸಿದಳು. ಅವನು ಕೂತ ಮೇಲೆ ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು.

"ನನ್ನ ಮಗ ಸಾಯೋವಾಗ ನಾನಿರಲಿಲ್ಲ, ಇವಳೂ ಇರಲಿಲ್ಲ," ಎಂದಳು. "ಇದ್ದವನು ನೀನೊಬ್ಬನೇ. ಅವನು ಏನಾದ್ರೂ ಅಂದನಾ?"

ಕಾಲಕ್ಕ ಅತ್ತೆಯತ್ತ ತಿರುಗಿದಳು. ಈ ಪ್ರಶ್ನೆ ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ಆ ಮನುಷ್ಯನ ಮೋಟುಗಾಲನ್ನು ಅದೆಷ್ಟು ಸಲ ಕೈಯಲ್ಲಿ ಹಿಡಿದಿದ್ದಳು, ಅವನು ತನ್ನ ಗಂಡನನ್ನು ಕಡೆಯದಾಗಿ ನೋಡಿದವನು ಎಂಬುದು ತಲೆಗೆ ಬಂದಿರಲೇ ಇಲ್ಲ.

ವ್ಯಾನಿನವನು ತಲೆ ತಗ್ಗಿಸಿಕೊಂಡೇ ಹೇಳಿದ. ತಾನು ಒಳಗೆ ಸಿಕ್ಕಿಹಾಕಿಕೊಂಡಿದ್ದೆ, ಬಾಗಿಲು ಕಿತ್ತು ಹೋಗಿತ್ತು. ಅವರು ಕೆಳಗೆ, ಕೈಗೆಟಕುವಷ್ಟು ಹತ್ತಿರದಲ್ಲಿ ಬಿದ್ದಿದ್ದರು. ಜನ ಇನ್ನೂ ಸೇರಿರಲಿಲ್ಲ. ಕುಡಿದಿದ್ದೆಲ್ಲ ಆ ಒಂದು ಗಳಿಗೆಯಲ್ಲಿ ಇಳಿದು ಹೋಗಿತ್ತು, ಆದ್ದರಿಂದ ಸರಿಯಾಗಿ ನೆನಪಿದೆ. ಅವರಿಗೆ ನೋವು ಇದ್ದಂತೆ ಕಾಣಲಿಲ್ಲ. ಏನೋ ಮರೆತು ಬಂದವರ ಹಾಗೆ ಚಡಪಡಿಸುತ್ತಿದ್ದರು.

"ಏನಂದ, ಅದನ್ನ ಹೇಳು," ಎಂದಳು ಅತ್ತೆ.

"ಮೂಲೆ ಮನೇಲಿ ನೀರು ಬಂದ್ ಮಾಡಿ ಬಂದಿದ್ದೀನಿ, ವಾಲ್ವು ತಿರುಗಿಸಿಲ್ಲ, ಯಾರಾದ್ರೂ ಹೋಗಿ ತಿರುಗಿಸೋಕೆ ಹೇಳಿ ಅಂದ್ರು. ಆ ಮನೇಲಿ ಮಗು ಇದೆ, ನೀರಿಲ್ಲದೆ ಒದ್ದಾಡ್ತಾರೆ ಅಂದ್ರು. ನನ್ನ ಮುಖ ನೋಡಿ, ಹೇಳ್ತೀಯಲ್ಲಪ್ಪ ಅಂತ ಕೇಳಿದ್ರು. ಹೇಳ್ತೀನಿ ಅಂದೆ. ಆಮೇಲೆ ಸುಮ್ಮನಾದ್ರು." ಅವನ ದನಿ ಒಡೆಯಿತು. "ಆಸ್ಪತ್ರೇಲಿ ಕಂಡಕಂಡವರಿಗೆಲ್ಲ ಹೇಳಿದೆ, ಮೂಲೆ ಮನೆ ನೀರು, ಮೂಲೆ ಮನೆ ನೀರು ಅಂತ. ಕುಡುಕ ಏನೋ ಬಡಬಡಿಸ್ತಾನೆ ಅಂದ್ಕೊಂಡ್ರು."

ಅತ್ತೆಯ ಹೊಟ್ಟೆ ಅಲುಗಿದ್ದನ್ನು ಕಂಡು ಉಸಿರು ಕಟ್ಟಿತೇನೋ ಎಂದು ಕಾಲಕ್ಕ ಮುಂದೆ ಬಾಗಿದಳು. ಅತ್ತೆ ನಗುತ್ತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳದೆ ನಗುತ್ತಿದ್ದಳು.

"ಅವನೇ," ಎಂದಳು. "ಬೇರೆ ಯಾರು ಹಾಗೆ ಅಂತಾರೆ? ಅವನೇ ನನ್ನ ಮಗ."

ಕಾಲಕ್ಕ ಮಂಚದ ಅಂಚಿನಲ್ಲಿ ಕುಸಿದು ಕೂತಳು. ಅತ್ತೆ ಕೈ ಚಾಚಿ, ವ್ಯಾನಿನವನ ಅಂಗಿಯ ತೋಳನ್ನು ಎರಡು ಬೆರಳಿನಿಂದ ಹಿಡಿದುಕೊಂಡಳು. ಅವನು ಅಲುಗಾಡಲಿಲ್ಲ.

"ಇನ್ನೊಂದ್ಸಲ ಹೇಳು," ಅಂದಳು. "ಮೊದಲಿಂದ. ನಿಧಾನವಾಗಿ ಹೇಳು, ಓಡಬೇಡ."

ಅವನು ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳತೊಡಗಿದ.